ಮೊದಲ ಮೂರ್ತಿಗೆ ಯಾವ ಮಣ್ಣು?

ಮಣ್ಣಿನಲ್ಲಿ ಕೈಯಾಡಿಸುವ ಆಸೆಯಿಂದ ಅಂಗಡಿಗೆ ಹೋದರೆ, ಇಲ್ಲವೇ ಮೊಬೈಲ್‌ನಲ್ಲಿ ಹುಡುಕಿದರೆ, ಹೆಸರುಗಳ ರಾಶಿಯೇ ಎದುರಾಗುತ್ತದೆ. ಟೆರಾಕೋಟಾ ಕ್ಲೇ, ಸ್ಟೋನ್‌ವೇರ್, ಏರ್ ಡ್ರೈ ಕ್ಲೇ, ಪಾಲಿಮರ್ ಕ್ಲೇ, ಪ್ಲಾಸ್ಟಿಸಿನ್, ಫೋಮ್ ಕ್ಲೇ. ಎಲ್ಲ ಪೊಟ್ಟಣಗಳ ಮೇಲೂ ಕ್ಲೇ ಎಂದೇ ಬರೆದಿರುತ್ತದೆ. ಆದರೆ ಒಂದಕ್ಕೆ ನೀರು ಬೇಕೇ ಬೇಕು, ಇನ್ನೊಂದಕ್ಕೆ ನೀರು ತಾಗಿದರೆ ತುಂಡುಗಳು ಅಂಟುವುದೇ ಇಲ್ಲ. ಒಂದು ಗಾಳಿಗೆ ಗಟ್ಟಿಯಾಗುತ್ತದೆ, ಇನ್ನೊಂದು ವರ್ಷಗಟ್ಟಲೆ ಬಿಟ್ಟರೂ ಒಣಗುವುದಿಲ್ಲ. ಒಂದನ್ನು ಸುಮಾರು 1000 ಡಿಗ್ರಿಯಲ್ಲಿ ಸುಡಬೇಕು, ಇನ್ನೊಂದಕ್ಕೆ 130 ಡಿಗ್ರಿ ದಾಟಿದರೆ ಕಷ್ಟ. ಇಷ್ಟು ವ್ಯತ್ಯಾಸ ಇರುವಾಗ "ಯಾವುದೋ ಒಂದು ತಗೊಂಡು ಶುರು ಮಾಡಿ" ಎನ್ನುವ ಸಲಹೆಯಿಂದ ಹೊಸಬರಿಗೆ ಪ್ರಯೋಜನವಿಲ್ಲ.

ಆಯ್ಕೆ ಮಾಡುವಾಗ ಹೆಚ್ಚಿನವರು ನೋಡುವುದು ಮೂರ್ತಿ ಕೊನೆಗೆ ಎಷ್ಟು ಗಟ್ಟಿಯಾಗಿ ಉಳಿಯುತ್ತದೆ ಎಂಬುದನ್ನು. ಹೊಸಬರು ಅದಕ್ಕಿಂತ ಮೊದಲು ಇನ್ನೊಂದನ್ನು ನೋಡಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ: ಮಾಡಿದ್ದನ್ನು ಎಷ್ಟು ಸಲ ಒಡೆದು ಮತ್ತೆ ಕಟ್ಟಬಹುದು? ಶಿಲ್ಪದ ಕಲಿಕೆಯೆಲ್ಲ ಇರುವುದು ಈ ಒಡೆದು ಕಟ್ಟುವುದರಲ್ಲಿ. ಹೊಸಬರು ಮಾಡುವ ಮುಖದಲ್ಲಿ ಕಣ್ಣು ಹಣೆಯ ಜಾಗಕ್ಕೆ ಏರಿರುತ್ತದೆ, ತಲೆಯ ಹಿಂಭಾಗಕ್ಕೆ ಮಣ್ಣು ಸಾಲದೆ ಬುರುಡೆ ಚಪ್ಪಟೆಯಾಗಿರುತ್ತದೆ. ನೆತ್ತಿಯಿಂದ ಗದ್ದದವರೆಗಿನ ಎತ್ತರದಲ್ಲಿ ಕಣ್ಣು ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ ಎಂದು ಓದಿ ತಿಳಿದರೂ ಕೈ ಒಪ್ಪುವುದಿಲ್ಲ. ಐದಾರು ಮುಖ ಮಾಡಿ ಮುರಿದ ಮೇಲೆ ಒಪ್ಪುತ್ತದೆ. ಮುರಿಯಲು ಮನಸ್ಸು ಬರಬೇಕಾದರೆ ಮಣ್ಣು ಅಗ್ಗವಾಗಿರಬೇಕು, ಸಾಕಷ್ಟು ಇರಬೇಕು, ಮತ್ತೆ ಉಂಡೆಯಾಗುವಂತಿರಬೇಕು.

ಈ ಅಳತೆಗೋಲು ಹಿಡಿದರೆ ನನ್ನ ಉತ್ತರ ಸ್ಪಷ್ಟ. ಶುರುವಿಗೆ ಮಾಮೂಲಿ ಜೇಡಿಮಣ್ಣು, ಅದೂ ಸುಡುವ ಯೋಚನೆಯನ್ನೇ ಬಿಟ್ಟು. ಅದು ಆಗದವರಿಗೆ ಎಣ್ಣೆಮಣ್ಣು, ಅಂದರೆ ಪ್ಲಾಸ್ಟಿಸಿನ್ ಥರದ ಒಣಗದ ಮಣ್ಣು. ಉಳಿದವೆಲ್ಲ ನಿರ್ದಿಷ್ಟ ಕೆಲಸಗಳಿಗೆ ಒಳ್ಳೆಯವು. ಆ ಕೆಲಸ ಯಾವುದು ಎಂದು ಗೊತ್ತಿದ್ದವರು ಅವುಗಳನ್ನು ಧಾರಾಳವಾಗಿ ಮೊದಲೇ ಹಿಡಿಯಬಹುದು.

ಸುಡದ ಮಣ್ಣಿನ ಮೂರ್ತಿ ಎಂದರೆ ಅರ್ಧಕ್ಕೆ ಬಿಟ್ಟ ಕೆಲಸ ಎಂದು ಯಾರೂ ಭಾವಿಸಬೇಕಿಲ್ಲ. ಉತ್ತರ ಕರ್ನಾಟಕದಲ್ಲಿ ಕಾರ ಹುಣ್ಣಿಮೆಯಾದ ಹದಿನೈದು ದಿನಕ್ಕೆ ಮಣ್ಣೆತ್ತಿನ ಅಮಾವಾಸ್ಯೆ ಬರುತ್ತದೆ; ಮನೆಮನೆಯಲ್ಲಿ ಜೋಡಿ ಎತ್ತು ಮಾಡಿ ಪೂಜಿಸುತ್ತಾರೆ. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ, ಭಾದ್ರಪದದಲ್ಲಿ ಗಣಪ, ಅವನ ಹಿಂದೆಯೇ ಬುಟ್ಟಿಯಲ್ಲಿ ಕೂತು ಬರುವ ಜೋಕುಮಾರ. ಎಲ್ಲವೂ ಹಸಿಮಣ್ಣಿನವು, ಎಲ್ಲವೂ ವರ್ಷ ವರ್ಷ ಹೊಸದಾಗಿ ಹುಟ್ಟುವಂಥವು. ಪ್ರತಿ ವರ್ಷವೂ ಎತ್ತು ಮಾಡುತ್ತ ಬೆಳೆದ ಹುಡುಗನ ಕೈಗೆ ಇಣಿಯ ಉಬ್ಬು, ಕೊರಳಿನ ಬಾಗು ತಾನಾಗಿಯೇ ಬರುತ್ತದೆ. ಹೊಸಬರು ಮೊದಲು ಏನು ಮಾಡಬೇಕು ಎಂದು ಕೇಳಿದರೆ ನಾನು ಹೇಳುವುದೂ ಅದನ್ನೇ: ಅಂಗೈ ಮೇಲೆ ಕೂರುವಷ್ಟು ದೊಡ್ಡ ಎತ್ತು. ನಾಲ್ಕು ಕಾಲಿನ ಮೇಲೆ ಭಾರ ನಿಲ್ಲಿಸುವುದು, ದೊಡ್ಡ ಮುದ್ದೆಗೆ ಸಣ್ಣ ಭಾಗ ಸೇರಿಸುವುದು, ಸುತ್ತಲಿಂದ ತಿರುಗಿಸಿ ನೋಡುವುದು, ಮೂರೂ ಅದರಲ್ಲಿವೆ.

ಜೇಡಿಮಣ್ಣು

ಕುಂಬಾರರು ಇರುವ ಊರಾದರೆ ಅವರ ಹತ್ತಿರವೇ ಕೇಳಿ ಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಕಲ್ಲು ಬೇರು ತೆಗೆದು, ನೆನೆಸಿ, ತುಳಿದು ಹದ ಮಾಡಿದ ಮಣ್ಣು ಸಿಗುತ್ತದೆ. ಜೊತೆಗೆ ಆ ಮಣ್ಣಿನ ಸ್ವಭಾವ ಏನೆಂದು ಹೇಳುವವರೂ ಸಿಗುತ್ತಾರೆ. ಬೆಂಗಳೂರಿನವರಿಗೆ ಪಾಟರಿ ಟೌನ್ ಇದೆ. ಬೆಳಗಾವಿ ಜಿಲ್ಲೆಯ ಖಾನಾಪುರ ಕುಂಬಾರಿಕೆಗೆ ಹೆಸರಾದ ಊರು, ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕುಂಬಾರಿಕೆ ತರಬೇತಿ ಸಂಸ್ಥೆಯೂ ಅಲ್ಲಿದೆ. ಕರಾವಳಿಯಲ್ಲಿ ಹೆಂಚಿನ ಮಣ್ಣನ್ನು ಎಲ್ಲರೂ ಬಲ್ಲರು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹೆಂಚಿನ ಕಾರ್ಖಾನೆ ತೆರೆಯುವಂತಾದದ್ದು ಅಲ್ಲಿನ ನದಿಬಯಲಿನ ಮಣ್ಣಿನಿಂದಲೇ. ಗಣೇಶನ ಹಬ್ಬಕ್ಕೆ ಮುಂಚಿನ ವಾರಗಳಲ್ಲಿ ಸಣ್ಣ ಪಟ್ಟಣಗಳಲ್ಲೂ ಹದ ಮಾಡಿದ ಮಣ್ಣು ಸಿಗುತ್ತದೆ. ಇದ್ಯಾವುದೂ ಹತ್ತಿರವಿಲ್ಲದಿದ್ದರೆ ಪ್ಲಾಸ್ಟಿಕ್ ಚೀಲದಲ್ಲಿ ಬರುವ ಸಿದ್ಧ ಟೆರಾಕೋಟಾ ಮಣ್ಣನ್ನು ತರಿಸಿಕೊಳ್ಳಬಹುದು. ಐದು ಕಿಲೋ ಇದ್ದರೆ ಹಲವು ತಿಂಗಳು ಅದನ್ನೇ ತಿರುಗಿಸಿ ತಿರುಗಿಸಿ ಬಳಸಬಹುದು.

ಕೆರೆಯಿಂದ ಅಥವಾ ಹೊಲದಿಂದ ನೀವೇ ತರುವುದಾದರೆ ಒಂದು ಪರೀಕ್ಷೆ ಮಾಡಿ. ಹದವಾಗಿ ನೆನೆಸಿದ ಮಣ್ಣನ್ನು ಕಿರುಬೆರಳಿನ ದಪ್ಪಕ್ಕೆ ಹೊಸೆದು ತೋರುಬೆರಳಿಗೆ ಸುತ್ತಿ. ಬಾಗಿದ ಕಡೆ ಬಿರುಕು ಬಿಡದಿದ್ದರೆ ಕೆಲಸಕ್ಕೆ ಆಗುತ್ತದೆ. ತುಂಡಾದರೆ ಮರಳು ಹೆಚ್ಚಿದೆ ಎಂದು ಅರ್ಥ. ಎರೆಭೂಮಿಯ ಕಪ್ಪು ಮಣ್ಣು ಈ ಪರೀಕ್ಷೆಯಲ್ಲಿ ಚೆನ್ನಾಗಿಯೇ ಪಾಸಾಗುತ್ತದೆ, ಆದರೆ ಅದು ನೀರು ಕುಡಿದು ವಿಪರೀತ ಉಬ್ಬುವ ಜಾತಿಯದು. ಬೇಸಿಗೆಯಲ್ಲಿ ಹೊಲ ಬಿರಿಯುವುದನ್ನು ನೋಡಿದವರಿಗೆ ಮೂರ್ತಿ ಒಣಗುವಾಗ ಏನಾಗಬಹುದು ಎಂದು ಬಿಡಿಸಿ ಹೇಳಬೇಕಾಗಿಲ್ಲ. ಸಣ್ಣ ಎತ್ತಿಗೆ ನಡೆಯುತ್ತದೆ. ದೊಡ್ಡದಕ್ಕೆ ನಯವಾದ ಮರಳು ಬೆರೆಸಲೇಬೇಕು.

ಒಣಗಿದ ಮಣ್ಣನ್ನು ಕುಟ್ಟಿ, ಬಕೆಟ್ಟಿನಲ್ಲಿ ಎರಡು ದಿನ ನೆನೆಸಿ, ಕದಡಿ, ಸೊಳ್ಳೆ ಜಾಲರಿಯಲ್ಲಿ ಸೋಸಿ. ಕೆಳಗೆ ಮಣ್ಣು ಕೂತ ಮೇಲೆ ಮೇಲಿನ ನೀರು ಚೆಲ್ಲಿ, ಉಳಿದ ರಾಡಿಯನ್ನು ಹಳೆಯ ಹತ್ತಿ ಸೀರೆಯ ಮೇಲೆ ಹರಡಿದರೆ ಒಂದೆರಡು ದಿನದಲ್ಲಿ ನಾದುವ ಸ್ಥಿತಿಗೆ ಬರುತ್ತದೆ. ಹದ ಹೇಗಿರಬೇಕೆಂದರೆ ಚಪಾತಿ ಹಿಟ್ಟಿಗಿಂತ ತುಸು ಗಟ್ಟಿ: ಒತ್ತಿದರೆ ಬೆರಳಚ್ಚು ಮೂಡಬೇಕು, ಕೈಗೆ ಮೆತ್ತಿಕೊಳ್ಳಬಾರದು. ನಾದಿದ ಮಣ್ಣನ್ನು ಒದ್ದೆ ಬಟ್ಟೆ ಸುತ್ತಿ ಪ್ಲಾಸ್ಟಿಕ್ ಚೀಲದಲ್ಲಿ ಕೆಲವು ವಾರ ಇಟ್ಟರೆ ಇನ್ನೂ ಜಿಗುಟಾಗಿ ಹೇಳಿದ ಮಾತು ಕೇಳುತ್ತದೆ. ಒಂದು ಥರದ ವಾಸನೆ ಬಂದರೆ ಹೆದರಬೇಡಿ, ಮಣ್ಣು ಹಳೆಯದಾಗುವುದು ಹಾಗೆಯೇ.

ಕೆಲಸದಲ್ಲಿ ಈ ಮಣ್ಣಿನ ದೊಡ್ಡ ಗುಣ, ಹೆಬ್ಬೆರಳು ತಳ್ಳಿದ ಕಡೆ ತಡಮಾಡದೆ ಸರಿಯುವುದು. ದೊಡ್ಡ ಆಕಾರಗಳನ್ನು ಬೇಗ ಬೇಗ ಹಾಕಿ, ದೂರ ನಿಂತು ನೋಡಿ, ಬೇಡವೆಂದರೆ ಅಂಗೈಯಲ್ಲಿ ಒಂದೇಟು ಹೊಡೆದು ಬದಲಿಸಬಹುದು. ಒಣಗುತ್ತ ಹೋದಂತೆ ಅದೇ ಮಣ್ಣು ಬೇರೆ ಬೇರೆ ಕೆಲಸಕ್ಕೆ ಒದಗುತ್ತದೆ. ಹಸಿಯಿದ್ದಾಗ ಕಟ್ಟುವುದು, ಅರೆ ಒಣಗಿದಾಗ ಚಾಕುವಿನಿಂದ ಕೆತ್ತುವುದು, ಇನ್ನೂ ಒಣಗಿದಾಗ ಚಮಚದ ಬೆನ್ನಿನಿಂದ ಉಜ್ಜಿ ಹೊಳಪು ತರುವುದು. ಇಷ್ಟು ಹಂತಗಳನ್ನು ತಾನಾಗಿಯೇ ಕೊಡುವ ಇನ್ನೊಂದು ಮಣ್ಣು ಪೊಟ್ಟಣದಲ್ಲಿ ಸಿಗುವುದಿಲ್ಲ.

ಕಷ್ಟವೂ ಅದೇ ನೀರಿನಿಂದ. ಮಣ್ಣಿನ ಚಪ್ಪಟೆ ಕಣಗಳ ನಡುವೆ ಇರುವ ನೀರು ಹೊರಟಾಗ ಕಣಗಳು ಹತ್ತಿರ ಸರಿಯುತ್ತವೆ, ಮೂರ್ತಿ ಕುಗ್ಗುತ್ತದೆ. ಹಸಿಮಣ್ಣನ್ನು ಹಲಗೆಯಂತೆ ತಟ್ಟಿ ಅದರ ಮೇಲೆ 10 ಸೆಂಟಿಮೀಟರ್ ಗೆರೆ ಎಳೆದು ಒಣಗಿದ ಮೇಲೆ ಅಳೆದು ನೋಡಿ, ನಿಮ್ಮ ಮಣ್ಣು ಎಷ್ಟು ಕುಗ್ಗುತ್ತದೆಂದು ಗೊತ್ತಾಗುತ್ತದೆ. ತೆಳುವಾದ ಕೊಂಬು, ಕಿವಿ ಮೊದಲು ಒಣಗುತ್ತವೆ, ದಪ್ಪ ಹೊಟ್ಟೆ ನಿಧಾನ. ಇಬ್ಬರ ಜಗಳದಲ್ಲಿ ಬಿರುಕು ಬೀಳುವುದು ಸೇರಿದ ಜಾಗದಲ್ಲಿ. ಹಾಗಾಗಿ ಸೇರಿಸುವಾಗ ಎರಡೂ ಕಡೆ ಗೀರು ಎಳೆದು, ಮಣ್ಣಿನ ರಾಡಿ ಹಚ್ಚಿ, ಒತ್ತಿ ಒಂದಾಗಿಸಬೇಕು. ತೆಳು ಭಾಗಗಳಿಗೆ ಮಾತ್ರ ಪ್ಲಾಸ್ಟಿಕ್ ಹೊದಿಸಿ ಇಡೀ ಮೂರ್ತಿಯನ್ನು ನೆರಳಿನಲ್ಲಿ ಒಣಗಿಸಬೇಕು. ಒಳಗೆ ಕಡ್ಡಿಯನ್ನೋ ತಂತಿಯನ್ನೋ ಇಟ್ಟರೆ ಮಣ್ಣು ಕುಗ್ಗುತ್ತದೆ, ಕಡ್ಡಿ ಕುಗ್ಗುವುದಿಲ್ಲ, ಸೀಳು ಖಚಿತ. ಅಭ್ಯಾಸಕ್ಕೆ ಮಾಡಿ ಒಡೆಯುವ ಮೂರ್ತಿಗೆ ಕಡ್ಡಿ ಇದ್ದರೇನೂ ತೊಂದರೆಯಿಲ್ಲ. ಉಳಿಸಿಕೊಳ್ಳುವ ಮೂರ್ತಿಗೆ ಬೇಡ.

ಈ ಮಣ್ಣಿನ ಕೆಲಸ ಅರ್ಧಕ್ಕೆ ಬಿಟ್ಟರೆ ಅದನ್ನು ದಿನವೂ ವಿಚಾರಿಸಬೇಕು. ನೀರು ಚಿಮುಕಿಸಿ, ಒದ್ದೆ ಬಟ್ಟೆ ಹೊದಿಸಿ, ಮೇಲೆ ಪ್ಲಾಸ್ಟಿಕ್ ಕಟ್ಟಿ ಮಲಗಬೇಕು. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಮರೆತರೆ ಬೆಳಿಗ್ಗೆಗೆ ಗಟ್ಟಿಯಾಗಿರುತ್ತದೆ. ಮಲೆನಾಡಿನ ಮಳೆಗಾಲದಲ್ಲಿ ವಾರವಾದರೂ ಒಣಗದೆ ಬೂಷ್ಟು ಹಿಡಿಯಬಹುದು. ಒಣಗಿ ಬಿಟ್ಟರೂ ಮಣ್ಣು ಹಾಳಾಗಿಲ್ಲ. ಸುಡದ ಮಣ್ಣನ್ನು ಪೂರ್ತಿ ಒಣಗಿಸಿ, ಒಡೆದು, ನೀರಿಗೆ ಹಾಕಿದರೆ ತಾನೇ ಕರಗಿ ಮತ್ತೆ ಹದಕ್ಕೆ ಬರುತ್ತದೆ. ಅರೆಬರೆ ಒಣಗಿದ್ದಕ್ಕಿಂತ ಪೂರ್ತಿ ಒಣಗಿದ್ದೇ ಬೇಗ ಕರಗುತ್ತದೆ, ಆದ್ದರಿಂದ ಅವಸರದಲ್ಲಿ ಅರೆ ಹಸಿಯನ್ನೇ ನೆನೆಸಬೇಡಿ.

ಮನೆಯಲ್ಲಿ ಎರಡು ವಿಷಯ ಕಡ್ಡಾಯ. ಒಣಮಣ್ಣಿನ ದೂಳಿನಲ್ಲಿ ಸಿಲಿಕಾ ಇರುತ್ತದೆ, ವರ್ಷಗಟ್ಟಲೆ ಉಸಿರಾಡಿದರೆ ಶ್ವಾಸಕೋಶಕ್ಕೆ ಕೆಟ್ಟದ್ದು. ಪೊರಕೆಯಲ್ಲಿ ಗುಡಿಸದೆ ಒದ್ದೆ ಬಟ್ಟೆಯಲ್ಲಿ ಒರೆಸಿ. ಕೈ ತೊಳೆದ ನೀರನ್ನು ಸಿಂಕಿಗೆ ಬಿಡದೆ ಬಕೆಟ್ಟಿನಲ್ಲಿ ತೊಳೆದು, ಮಣ್ಣು ತಳಕ್ಕೆ ಕೂತ ಮೇಲೆ ತಿಳಿನೀರನ್ನು ಗಿಡಕ್ಕೆ ಹಾಕಿ. ಪೈಪಿನಲ್ಲಿ ಕೂತ ಮಣ್ಣನ್ನು ತೆಗೆಸುವುದು ಬಹಳ ದುಬಾರಿ ಕೆಲಸ.

ಎಣ್ಣೆಮಣ್ಣು

ಮಣ್ಣಿನ ಪುಡಿಯನ್ನು ನೀರಿನ ಬದಲು ಎಣ್ಣೆ ಮತ್ತು ಮೇಣದಲ್ಲಿ ಕಲಸಿದರೆ ಆಗುವುದು ಇದು. ಇಂಗ್ಲೆಂಡಿನ ಬಾತ್ ಊರಿನಲ್ಲಿ ಕಲಾಶಿಕ್ಷಕರಾಗಿದ್ದ ವಿಲಿಯಂ ಹಾರ್ಬಟ್ 1897ರಲ್ಲಿ ಪ್ಲಾಸ್ಟಿಸಿನ್ ಮಾಡಿದ್ದೇ ತಮ್ಮ ವಿದ್ಯಾರ್ಥಿಗಳಿಗೆ ಒಣಗದ ಮಣ್ಣು ಬೇಕೆಂದು. ಕಲಿಯುವವರಿಗಾಗಿಯೇ ಹುಟ್ಟಿದ ಈ ವಸ್ತು ಇವತ್ತಿಗೂ ಕಲಿಯುವವರಿಗೆ ಹೇಳಿ ಮಾಡಿಸಿದಂತಿದೆ.

ಯಾರಿಗೆ ಇದು ಜೇಡಿಮಣ್ಣಿಗಿಂತ ಮೇಲು? ರಾತ್ರಿ ಊಟವಾದ ಮೇಲೆ ಇಪ್ಪತ್ತು ನಿಮಿಷ ಸಿಗುವವರಿಗೆ. ಜೇಡಿಮಣ್ಣಿನಲ್ಲಿ ಬಟ್ಟೆ ಬಿಚ್ಚಿ, ನೀರು ಚಿಮುಕಿಸಿ, ಕೊನೆಗೆ ಮತ್ತೆ ಮುಚ್ಚುವುದರಲ್ಲೇ ಅರ್ಧ ಹೊತ್ತು ಹೋಗುತ್ತದೆ. ಎಣ್ಣೆಮಣ್ಣಿನ ಮುಖ ಮೇಜಿನ ಮೇಲೆ ಹಾಗೆಯೇ ಕಾಯುತ್ತದೆ. ಒಂದು ತಿಂಗಳು ಬಿಟ್ಟು ಬಂದರೂ ಬಿಟ್ಟ ಜಾಗದಿಂದಲೇ ಮುಂದುವರಿಸಬಹುದು. ಬಾಡಿಗೆ ಮನೆಯ ಒಂದೇ ಕೋಣೆಯಲ್ಲಿ ಕೆಲಸ ಮಾಡುವವರಿಗೂ ಇದೇ ಅನುಕೂಲ, ದೂಳಿಲ್ಲ, ನೀರಿಲ್ಲ. ಬಿರುಕು ಬೀಳುವ ಭಯವೂ ಇಲ್ಲವಾದ್ದರಿಂದ ಒಳಗೆ ತಂತಿಯ ಅಸ್ಥಿಪಂಜರ ನಿಲ್ಲಿಸಿ ನೃತ್ಯ ಮಾಡುವ, ಓಡುವ ಭಂಗಿಗಳನ್ನು ಧೈರ್ಯವಾಗಿ ಕಟ್ಟಬಹುದು. ತಂತಿ ಇಲ್ಲದಿದ್ದರೆ ಮಾತ್ರ ನಿಂತ ಆಕೃತಿ ಒಂದೆರಡು ದಿನದಲ್ಲಿ ಬಾಗುತ್ತದೆ.

ಸ್ಟೇಷನರಿ ಅಂಗಡಿಯ ಬಣ್ಣಬಣ್ಣದ ಕಡ್ಡಿಗಳು ಎಣ್ಣೆಮಣ್ಣೇ ಆದರೂ ತೀರ ಮೆತ್ತಗೆ. ಮುಟ್ಟಿದರೆ ಅಂಚು ಅಳಿಯುತ್ತದೆ. ಶಿಲ್ಪಿಗಳಿಗೆಂದೇ ಮಾರುವುದರಲ್ಲಿ ಮೃದು, ಮಧ್ಯಮ, ಗಟ್ಟಿ ಎಂಬ ಬಗೆಗಳಿವೆ. ನಮ್ಮ ಹವೆಗೆ ಮಧ್ಯಮ ಸರಿ. ಚಳಿಗಾಲದಲ್ಲಿ ಕಲ್ಲಿನಂತೆ ಅನ್ನಿಸಿದರೆ ಸ್ವಲ್ಪ ಹೊತ್ತು ಬಿಸಿಲಿಗಿಡಿ, ಬೇಸಿಗೆಯಲ್ಲಿ ಕೈಗೆ ಅಂಟತೊಡಗಿದರೆ ಕೆಲಸದ ನಡುವೆ ಫ್ರಿಜ್ಜಿನಲ್ಲಿಡಿ. ಬಣ್ಣ ಬೂದಿ ಅಥವಾ ಕಂದು ಒಂದೇ ಇರಲಿ. ನಾನಾ ಬಣ್ಣ ಬೆರೆತರೆ ನೆರಳು ಬೆಳಕು ಕಾಣದೆ ಉಬ್ಬುತಗ್ಗಿನ ತಪ್ಪುಗಳು ಮುಚ್ಚಿಹೋಗುತ್ತವೆ, ಹೊಸಬರಿಗೆ ಕಾಣಬೇಕಾದದ್ದೇ ಆ ತಪ್ಪುಗಳು.

ಜೇಡಿಮಣ್ಣಿಗಿಂತ ಬೆಲೆ ಹಲವು ಪಟ್ಟು ಹೆಚ್ಚು, ಆದರೆ ಒಮ್ಮೆ ಕೊಂಡರೆ ಮುಗಿಯಿತು. ವರ್ಷಾನುಗಟ್ಟಲೆ ಅದೇ ಮಣ್ಣು. ಇದರ ಮೂರ್ತಿಯನ್ನು ಸುಡಲಾಗುವುದಿಲ್ಲ, ಬಣ್ಣ ಹಚ್ಚಿ ಇಡಲಾಗುವುದಿಲ್ಲ. ಉಳಿಸಿಕೊಳ್ಳಬೇಕೆಂದರೆ ಅಚ್ಚು ತೆಗೆದು ಪ್ಲಾಸ್ಟರ್‌ನಲ್ಲೋ ರೆಸಿನ್‌ನಲ್ಲೋ ಎರಕ ಹೊಯ್ಯಬೇಕು. ಮುಂದೆಂದಾದರೂ ಸಿಲಿಕಾನ್ ರಬ್ಬರಿನಲ್ಲಿ ಅಚ್ಚು ಮಾಡುವ ಯೋಚನೆ ಇದ್ದರೆ ಗಂಧಕವಿಲ್ಲದ ಮಣ್ಣು ಕೇಳಿ ಕೊಳ್ಳಿ. ಗಂಧಕ ಇದ್ದರೆ ಕೆಲವು ಬಗೆಯ ಸಿಲಿಕಾನ್ ಗಟ್ಟಿಯಾಗದೆ ಅಂಟಂಟಾಗಿಯೇ ಉಳಿಯುತ್ತದೆ.

ಕೈಯ ಅನುಭವದಲ್ಲಿ ಇವೆರಡಕ್ಕೂ ಇರುವ ಭೇದವನ್ನು ಗಮನಿಸಬೇಕು. ಜೇಡಿಮಣ್ಣು ಇಡೀ ಅಂಗೈಯ ಕೆಲಸ ಬೇಡುತ್ತದೆ, ದೊಡ್ಡ ಮೈಕಟ್ಟು ಕಲಿಸುತ್ತದೆ. ಎಣ್ಣೆಮಣ್ಣು ಒತ್ತಡಕ್ಕೆ ತುಸು ಎದುರು ನಿಲ್ಲುತ್ತದೆ, ಕಡ್ಡಿಯ ತುದಿಯಲ್ಲಿ ಎಳೆದ ರೆಪ್ಪೆಯ ಗೆರೆಯನ್ನು ಹಾಗೆಯೇ ಹಿಡಿದಿಡುತ್ತದೆ. ಇದರಲ್ಲಿ ಶುರು ಮಾಡಿದವರು ತಲೆಯ ಆಕಾರ ಕೂರುವ ಮೊದಲೇ ರೆಪ್ಪೆ, ತುಟಿ ತಿದ್ದಲು ಕೂರುವುದುಂಟು. ಎಣ್ಣೆಮಣ್ಣು ಆಯ್ದುಕೊಂಡವರು ಮೊದಲ ಕೆಲವು ವಾರ ಉಪಕರಣ ಪಕ್ಕಕ್ಕಿಟ್ಟು ಬರೀ ಬೆರಳಿನಲ್ಲಿ ಕೆಲಸ ಮಾಡುವುದು ಒಳ್ಳೆಯದು.

ಗಾಳಿಗೆ ಗಟ್ಟಿಯಾಗುವ ಮಣ್ಣು

ಏರ್ ಡ್ರೈ ಕ್ಲೇ ಹೆಸರಿನಲ್ಲಿ ಎರಡು ಬೇರೆ ಬೇರೆ ವಸ್ತುಗಳು ಮಾರಾಟವಾಗುತ್ತವೆ. ಒಂದು ತೂಕದ್ದು, ಮಣ್ಣಿಗೆ ಕಾಗದದ ನಾರು, ಅಂಟು ಬೆರೆಸಿದ್ದು. ಇನ್ನೊಂದು ಹತ್ತಿಯಷ್ಟು ಹಗುರ, ಎಳೆದರೆ ಹಿಗ್ಗುವ ಫೋಮ್. ಎರಡನೆಯದು ಚಿಕ್ಕ ಮಕ್ಕಳ ಆಟಕ್ಕೆ ಚೆನ್ನ, ಶಿಲ್ಪ ಕಲಿಯಲು ಆಗದು. ಅದರಲ್ಲಿ ಅಂಚು ನಿಲ್ಲುವುದಿಲ್ಲ, ಕೆತ್ತಲು ಬರುವುದಿಲ್ಲ.

ತೂಕದ ಬಗೆಯ ಆಕರ್ಷಣೆ ಸರಳ: ಮಣ್ಣು ಸುಡುವ ಗೂಡು ಬೇಡ, ಒಲೆ ಬೇಡ, ಎರಡು ಮೂರು ದಿನ ಬಿಟ್ಟರೆ ಗಟ್ಟಿ, ಮೇಲೆ ಅಕ್ರಿಲಿಕ್ ಬಣ್ಣ. ದೀಪಾವಳಿಯ ಅಲಂಕಾರ, ಗೋಡೆಗೆ ತೂಗುಹಾಕುವ ಫಲಕ, ಉಡುಗೊರೆಯ ಸಣ್ಣ ಗೊಂಬೆ ಬೇಕೆನ್ನುವವರು ಇದನ್ನೇ ತೆಗೆದುಕೊಳ್ಳಿ. ಆದರೆ ಇದೂ ಒಣಗುವಾಗ ಕುಗ್ಗುತ್ತದೆ, ಬಿರುಕು ಬಿಡುತ್ತದೆ. ಅದೇ ಮಣ್ಣನ್ನು ನೀರಲ್ಲಿ ಕಲಸಿ ಬಿರುಕು ತುಂಬಿ ಮರಳುಕಾಗದದಲ್ಲಿ ಉಜ್ಜುವುದು ಈ ಕೆಲಸದ ಒಂದು ಭಾಗವೇ. ಗಟ್ಟಿಯಾದ ಮೇಲೂ ನೀರು ತಾಗಬಾರದು, ವಾರ್ನಿಶ್ ಬಳಿದರೂ ಹೂದಾನಿಯಾಗಿ, ಲೋಟವಾಗಿ ಬಳಸುವಂತಿಲ್ಲ. ಪೊಟ್ಟಣ ಒಡೆದ ಮೇಲೆ ಉಳಿದದ್ದನ್ನು ಒದ್ದೆ ಬಟ್ಟೆಯೊಂದಿಗೆ ಗಾಳಿಯಾಡದ ಡಬ್ಬಿಯಲ್ಲಿಟ್ಟರೂ ಬಹಳ ದಿನ ಬಾರದು. ಅಭ್ಯಾಸದ ದೃಷ್ಟಿಯಿಂದ ನನಗೆ ಇದರಲ್ಲಿ ಕಾಣುವ ಕೊರತೆ ಇದು: ಪ್ರತಿ ಮೂರ್ತಿಯೂ ಉಳಿದುಬಿಡುತ್ತದೆ. ಒಡೆದು ಮತ್ತೆ ಮಾಡಲು ಮನಸ್ಸು ಬರುವುದಿಲ್ಲ, ಮಣ್ಣಿನ ದುಡ್ಡು ನೆನಪಾಗುತ್ತದೆ.

ಪಾಲಿಮರ್ ಕ್ಲೇ

ಇದರಲ್ಲಿ ಮಣ್ಣಿನ ಅಂಶವಿಲ್ಲ. ಪಿವಿಸಿ ಪ್ಲಾಸ್ಟಿಕ್ಕಿನ ಪುಡಿಯನ್ನು ಮೃದುಕಾರಿಯಲ್ಲಿ ಕಲಸಿದ್ದು. ಫಿಮೋ, ಸ್ಕಲ್ಪಿ ಎಂಬ ಹೆಸರಲ್ಲಿ ಸಿಗುವುದು ಇದೇ. ಬೇಯಿಸುವವರೆಗೆ ಒಣಗುವುದಿಲ್ಲ, ಬೇಯಿಸಿದಾಗ ಕುಗ್ಗುವುದು ಇಲ್ಲವೆನ್ನುವಷ್ಟು ಕಡಿಮೆ, ಬಣ್ಣ ಮೊದಲೇ ಬೆರೆತಿರುತ್ತದೆ. ಓಲೆ, ಪದಕ, ಬೆರಳುದ್ದದ ಗೊಂಬೆ, ಬೊಂಬೆ ಹಬ್ಬಕ್ಕೆ ಚಿಟಿಕೆಯಷ್ಟು ಹಣ್ಣು ತರಕಾರಿಗಳ ಅಂಗಡಿ: ಇಂಥ ಕೆಲಸಗಳಲ್ಲಿ ಇದಕ್ಕೆ ಸಾಟಿಯಿಲ್ಲ. ದೊಡ್ಡ ಮೂರ್ತಿಗೆ ಬೆಲೆ ತಡೆಯಲಾಗದು. ಅಲ್ಯೂಮಿನಿಯಂ ಫಾಯಿಲ್ಲಿನ ಗಟ್ಟಿ ಉಂಡೆ ಮಾಡಿ ಅದರ ಮೇಲೆ ತೆಳುವಾಗಿ ಹೊದಿಸಿದರೆ ಮಣ್ಣೂ ಉಳಿಯುತ್ತದೆ, ಸಮನಾಗಿಯೂ ಬೇಯುತ್ತದೆ.

ಓಟಿಜಿ ಒವನ್ ಬೇಕು, ಮೈಕ್ರೋವೇವ್ ಆಗದು. ಬ್ರ್ಯಾಂಡನ್ನು ಅವಲಂಬಿಸಿ 110ರಿಂದ 130 ಡಿಗ್ರಿ ಸೆಲ್ಸಿಯಸ್, ಪೊಟ್ಟಣದ ಮೇಲೆ ಬರೆದಷ್ಟೇ. ಒವನ್‌ನ ಗುಂಡಿಯ ಮೇಲಿನ ಸಂಖ್ಯೆಗೂ ಒಳಗಿನ ನಿಜವಾದ ಶಾಖಕ್ಕೂ ವ್ಯತ್ಯಾಸ ಇರುತ್ತದೆ, ಆದ್ದರಿಂದ ಒಳಗಿಡುವ ಸಣ್ಣ ಥರ್ಮಾಮೀಟರ್ ಕೊಳ್ಳುವುದು ಅಗತ್ಯ. ಹೆಚ್ಚು ಶಾಖಕ್ಕೆ ಸುಟ್ಟುಹೋದರೆ ಪಿವಿಸಿಯಿಂದ ಹೈಡ್ರೋಜನ್ ಕ್ಲೋರೈಡ್ ಹೊಗೆ ಬರುತ್ತದೆ. ಕಣ್ಣು ಗಂಟಲು ಉರಿಸುವ ಹೊಗೆ ಅದು. ಕೂಡಲೇ ಒವನ್ ಆರಿಸಿ ಕಿಟಕಿ ತೆರೆದು ಹೊರಗೆ ಹೋಗಬೇಕು. ಕೇಕ್ ಮಾಡುವ ತಟ್ಟೆಯನ್ನು ಇದಕ್ಕೆ ಬಳಸಬೇಡಿ, ಬಳಸಿದ ತಟ್ಟೆ ಮತ್ತೆ ಅಡುಗೆಗೆ ಹೋಗಬಾರದು. ಕೆಲವು ಪ್ಲಾಸ್ಟಿಕ್ ಡಬ್ಬಿಗಳನ್ನು ಇದರ ಮೃದುಕಾರಿ ತಿಂದು ಅಂಟಂಟು ಮಾಡುತ್ತದೆ, ಬೆಣ್ಣೆಕಾಗದದಲ್ಲಿ ಸುತ್ತಿಡಿ.

ಅಮೆರಿಕ, ಯುರೋಪಿನ ಅಪಾರ್ಟ್‌ಮೆಂಟುಗಳಲ್ಲಿರುವ ಕನ್ನಡಿಗರಿಗೆ ಅಡುಗೆಮನೆಯಲ್ಲಿ ಒವನ್ ಇದ್ದೇ ಇರುತ್ತದೆ, ಅಂಗಡಿಯಲ್ಲಿ ಇದೇ ಸುಲಭವಾಗಿ ಸಿಗುತ್ತದೆ. ಅವರು ಇದರಲ್ಲಿ ಶುರು ಮಾಡುವುದು ಸಹಜ. ಆದರೂ ಅಭ್ಯಾಸಕ್ಕೆ ಎಣ್ಣೆಮಣ್ಣಿನ ಒಂದು ಉಂಡೆಯನ್ನು ಜೊತೆಗಿಟ್ಟುಕೊಳ್ಳಿ ಎನ್ನುತ್ತೇನೆ.

ಇನ್ನುಳಿದವು

ಕಾರ್ನ್‌ಫ್ಲೋರ್ ಮತ್ತು ಫೆವಿಕಾಲ್ ಕಾಯಿಸಿ ಮಾಡುವ ಮನೆಯ ಹಿಟ್ಟು ಹೂವಿನ ಎಸಳಿಗೆ ಸೊಗಸು, ಮುಖಕ್ಕೆ ಬೇಡ, ಬಹಳ ಕುಗ್ಗುತ್ತದೆ. ಎಂ-ಸೀಲ್ ಥರದ ಎರಡು ಉಂಡೆ ಬೆರೆಸುವ ಎಪಾಕ್ಸಿ ಬೇಗನೆ ಕಲ್ಲಾಗುತ್ತದೆ, ಚರ್ಮಕ್ಕೂ ಒಳ್ಳೆಯದಲ್ಲ. ಮುರಿದ ಬೆರಳು ಜೋಡಿಸಲು ಸರಿ, ಕಲಿಯಲು ಅಲ್ಲ. ಹಳೆಯ ಪತ್ರಿಕೆಗಳನ್ನು ನೆನೆಸಿ ಮೆಂತ್ಯದೊಂದಿಗೆ ರುಬ್ಬಿ ಅಜ್ಜಿಯಂದಿರು ಬುಟ್ಟಿ ಮಾಡುತ್ತಿದ್ದ ಕಾಗದದ ಮುದ್ದೆಯನ್ನು ಮಾತ್ರ ನಾನು ಹಗುರವಾಗಿ ಕಾಣುವುದಿಲ್ಲ. ಮುಖವಾಡಕ್ಕೆ ಅದರಷ್ಟು ಒಳ್ಳೆಯದು ಬೇರೆ ಇಲ್ಲ: ಹಗುರ, ಗಟ್ಟಿ, ಖರ್ಚು ಕಡಿಮೆ.

ಸ್ಟೋನ್‌ವೇರ್ ಮಣ್ಣು ಕೈಯಲ್ಲಿ ಟೆರಾಕೋಟಾದಂತೆಯೇ ವರ್ತಿಸುತ್ತದೆ, ಆದರೆ ಪೂರ್ತಿ ಗಟ್ಟಿಯಾಗಲು 1200 ಡಿಗ್ರಿಯ ಆಚೆ ಹೋಗಬೇಕು. ಗೂಡು ಇರುವ ಸ್ಟುಡಿಯೋದಲ್ಲಿ ಕಲಿಯಲು ಸೇರಿದರೆ ಅವರು ಅದನ್ನೇ ಕೊಡಬಹುದು, ಸಂತೋಷವಾಗಿ ತೆಗೆದುಕೊಳ್ಳಿ. ಮನೆಯಲ್ಲಿ ಶುರು ಮಾಡುವವರು ಅದಕ್ಕಾಗಿ ಹುಡುಕಾಡಬೇಕಿಲ್ಲ.

ಗಣಪನನ್ನು ಮಾಡುವವರಿಗೆ

ಬಹಳ ಜನ ಈ ಹವ್ಯಾಸಕ್ಕೆ ಬರುವುದೇ ಮನೆಯ ಗಣಪನನ್ನು ತಾವೇ ಮಾಡಬೇಕೆಂಬ ಆಸೆಯಿಂದ. ವಿಸರ್ಜಿಸುವ ಮೂರ್ತಿಗೆ ಆಯ್ಕೆ ಒಂದೇ: ಸುಡದ, ಅಂಟು ಬೆರೆಸದ ಜೇಡಿಮಣ್ಣು. ಪಾಲಿಮರ್ ಎಂದರೆ ಪ್ಲಾಸ್ಟಿಕ್ಕನ್ನೇ ನೀರಿಗೆ ಬಿಟ್ಟಂತೆ. ಏರ್ ಡ್ರೈ ಮಣ್ಣಿನಲ್ಲಿ ಅಂಟು ಇರುತ್ತದೆ. ಸುಟ್ಟ ಟೆರಾಕೋಟಾ ನೈಸರ್ಗಿಕವೇ ಆದರೂ ಕರಗುವುದಿಲ್ಲ. ಸುಮಾರು 600 ಡಿಗ್ರಿ ದಾಟಿದ ಮಣ್ಣು ಮತ್ತೆಂದೂ ಕೆಸರಾಗದು. ಇದು ಗೊತ್ತಿಲ್ಲದೆ ಟೆರಾಕೋಟಾ ಎಂಬ ಹೆಸರು ನೋಡಿ ಸುಟ್ಟ ಗಣಪನನ್ನು ಕೆರೆಗೆ ಬಿಡುವವರಿದ್ದಾರೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ 2020ರ ಮಾರ್ಗಸೂಚಿ ಪಿಒಪಿ ಮೂರ್ತಿಗಳನ್ನು ನಿಷೇಧಿಸಿ ನೈಸರ್ಗಿಕ ಮಣ್ಣು, ನೈಸರ್ಗಿಕ ಬಣ್ಣಗಳನ್ನೇ ಬಳಸಲು ಹೇಳುತ್ತದೆ. ಅರಿಶಿನ, ಕಾವಿ ಸಾಕು, ಅಕ್ರಿಲಿಕ್ ಬೇಡ. ಅಂಗೈಯೆತ್ತರದ ಗಣಪ ಬಕೆಟ್ ನೀರಿನಲ್ಲಿ ಕರಗಿ ತಳಕ್ಕೆ ಕೂತರೆ ಆ ಮಣ್ಣನ್ನೇ ಸೋಸಿ ಮುಂದಿನ ಕೆಲಸಕ್ಕೆ ಬಳಸಬಹುದು, ತುಳಸಿಕಟ್ಟೆಗೂ ಹಾಕಬಹುದು.

ಮಾಡುವವರು ಹಬ್ಬದ ಹಿಂದಿನ ದಿನ ಕೂರಬೇಡಿ. ಸೊಂಡಿಲು, ಕಿವಿ ಒಣಗಲು ಹೊತ್ತು ಬೇಕು. ಒಂದೆರಡು ವಾರ ಮೊದಲೇ ಮುಗಿಸಿ ನೆರಳಿನಲ್ಲಿಡಿ. ಸೊಂಡಿಲನ್ನು ಗಾಳಿಯಲ್ಲಿ ಚಾಚಿಸದೆ ಹೊಟ್ಟೆಗೆ ತಾಗಿಸಿ ಕೂರಿಸಿದರೆ ಬಿರುಕಿನ ಚಿಂತೆ ಅರ್ಧ ಕಡಿಮೆ.

ಉಬ್ಬುಶಿಲ್ಪವೋ, ದುಂಡುಶಿಲ್ಪವೋ?

ಹಲಗೆಯ ಮೇಲೆ ಮಾಡುವ ಉಬ್ಬುಶಿಲ್ಪ ಸುಲಭ ಎಂದು ಅನೇಕರು ಅದರಿಂದ ಶುರು ಮಾಡುತ್ತಾರೆ. ಬೀಳುವುದಿಲ್ಲ, ಒಡೆಯುವುದಿಲ್ಲ, ಒಣಗಿಸುವುದೂ ಸಲೀಸು. ಆದರೆ ಇಡೀ ದೇಹದ ಆಳವನ್ನು ಎರಡು ಬೆರಳಿನ ದಪ್ಪದಲ್ಲಿ ಹಿಡಿಯಲು ಒಳ್ಳೆಯ ರೇಖಾಚಿತ್ರದ ಕೈ ಬೇಕು. ನಮ್ಮ ಚಿತ್ರಕಾರ ಕೆ. ವೆಂಕಟಪ್ಪನವರ ಪ್ಲಾಸ್ಟರ್ ಉಬ್ಬುಶಿಲ್ಪಗಳನ್ನು ನೋಡಿದರೆ ಎಷ್ಟು ತೆಳುವಿನಲ್ಲಿ ಎಷ್ಟು ಆಳ ತೋರಿಸಬಹುದೆಂದು ತಿಳಿಯುತ್ತದೆ, ಅದರ ಹಿಂದೆ ಚಿತ್ರಕಾರನ ಕಣ್ಣಿದೆ. ಚಿತ್ರ ಬರೆದು ರೂಢಿಯಿರುವವರು ಉಬ್ಬುಶಿಲ್ಪ ಹಿಡಿಯಿರಿ. ಇಲ್ಲದವರು ದುಂಡುಶಿಲ್ಪವನ್ನೇ ಮಾಡಿ. ತಿರುಗಿಸಿ ನೋಡಬಹುದಾದ ವಸ್ತುವಿನಲ್ಲಿ ತಪ್ಪು ತಾನೇ ಹೊರಗೆ ಬರುತ್ತದೆ.

ಉಪಕರಣದ ಸೆಟ್ಟುಗಳಿಗೆ ಈಗಲೇ ದುಡ್ಡು ಹಾಕಬೇಡಿ. ಬಿದಿರಿನ ಕಡ್ಡಿಯನ್ನು ಒಂದು ತುದಿ ಚೂಪಾಗಿ, ಇನ್ನೊಂದು ತುದಿ ಚಪ್ಪಟೆಯಾಗಿ ಹೆರೆದುಕೊಳ್ಳಿ. ಮಣ್ಣು ಕತ್ತರಿಸಲು ಗಾಳದ ದಾರ, ಉಜ್ಜಲು ಹಳೆಯ ಚಮಚ, ತೋಡಲು ತಂತಿಯ ಕುಣಿಕೆ. ದುಡ್ಡು ಕೊಟ್ಟು ಕೊಳ್ಳುವುದಾದರೆ ತಿರುಗುವ ಹಲಗೆ ಕೊಳ್ಳಿ. ಮೂರ್ತಿಯನ್ನು ಒಂದೇ ಕಡೆಯಿಂದ ನೋಡುತ್ತ ಕೂರುವ ಅಭ್ಯಾಸ ಅದರಿಂದ ತಪ್ಪುತ್ತದೆ.

ಸುಡಿಸಬೇಕು ಅನ್ನಿಸಿದಾಗ

ಒಂದು ದಿನ ಯಾವುದೋ ಒಂದು ಎತ್ತೋ ಮುಖವೋ ಒಡೆಯಲು ಮನಸ್ಸು ಬಾರದಂತೆ ಮೂಡುತ್ತದೆ. ಸುಡಿಸುವ ಯೋಚನೆ ಆಗ ಬರಲಿ. ಗಟ್ಟಿ ಮುದ್ದೆಯಾಗಿ ಮಾಡಿದ್ದರೆ ಅರೆ ಒಣಗಿದಾಗ ದಾರದಿಂದ ಎರಡು ಹೋಳು ಮಾಡಿ, ಗೋಡೆ ಎರಡು ಸೆಂಟಿಮೀಟರ್ ಉಳಿಯುವಂತೆ ಒಳಗೆ ತೋಡಿ, ಗೀರು ಎಳೆದು ರಾಡಿ ಹಚ್ಚಿ ಮತ್ತೆ ಸೇರಿಸಿ, ತಳದಲ್ಲಿ ತೂತು ಬಿಡಿ. ಗೂಡಿನಲ್ಲಿ ಮೂರ್ತಿ ಸಿಡಿಯುವುದು ಒಳಗಿನ ಗಾಳಿಗುಳ್ಳೆಯಿಂದ ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ. ಸಿಡಿಸುವುದು ಉಳಿದ ತೇವ. 100 ಡಿಗ್ರಿಯಲ್ಲಿ ಆವಿಯಾಗಿ ಹೊರಬರಲು ದಾರಿ ಸಿಗದೆ ಒಡೆಯುತ್ತದೆ. ತೆಳು ಗೋಡೆ ಬೇಗ ಒಣಗುತ್ತದೆ, ಆದ್ದರಿಂದ ತೋಡಬೇಕು. ರಾಜಸ್ಥಾನದ ಮೊಲೇಲಾದಲ್ಲಿ ದೇವರ ಫಲಕ ಮಾಡುವ ಕುಂಬಾರರು ಮಣ್ಣಿಗೆ ಕತ್ತೆಯ ಲದ್ದಿ ಬೆರೆಸುತ್ತಾರೆ. ಅದರ ನಾರು ಒಣಗುವಾಗ ಮಣ್ಣನ್ನು ಹಿಡಿದಿಡುತ್ತದೆ, ಸುಡುವಾಗ ಉರಿದು ಆವಿಗೆ ಸಣ್ಣ ದಾರಿಗಳನ್ನು ಬಿಡುತ್ತದೆ. ಒಣಗಿದೆಯೇ ಎಂದು ತಿಳಿಯಲು ಮೂರ್ತಿಯನ್ನು ಕೆನ್ನೆಗೆ ತಾಗಿಸಿ ನೋಡಿ. ತಣ್ಣಗಿದ್ದರೆ ಇನ್ನೂ ನೀರಿದೆ.

ಕುಂಬಾರರ ಆವಿಗೆಯಲ್ಲಿ, ಅಂದರೆ ಮಡಕೆ ಸುಡುವ ಭಟ್ಟಿಯಲ್ಲಿ, ಅವರ ಮಡಕೆಗಳ ಜೊತೆ ಇಡಲು ಕೇಳಬಹುದು, ಇಲ್ಲವೇ ನಗರದ ಸೆರಾಮಿಕ್ ಸ್ಟುಡಿಯೋಗಳಲ್ಲಿ ಶುಲ್ಕ ಕೊಟ್ಟು ವಿದ್ಯುತ್ ಗೂಡಿನಲ್ಲಿ ಸುಡಿಸಬಹುದು. ಆವಿಗೆಯಲ್ಲಿ ಹೊಗೆ, ಬೆಂಕಿಯ ಕಲೆಗಳು ಮೂರ್ತಿಯ ಮೇಲೆ ಉಳಿಯುತ್ತವೆ, ನನಗೆ ಅವು ಇಷ್ಟ. ವಿದ್ಯುತ್ ಗೂಡಿನಲ್ಲಿ ಬಣ್ಣ ಒಂದೇ ಸಮ, ಅಪಾಯವೂ ಕಡಿಮೆ. ಸ್ಟುಡಿಯೋಗೆ ಹೋಗುವಾಗ ಮಣ್ಣು ಯಾವುದೆಂದು ಮುಚ್ಚುಮರೆಯಿಲ್ಲದೆ ಹೇಳಿ, ಎಷ್ಟು ಡಿಗ್ರಿಗೆ ಸುಡುತ್ತಾರೆಂದು ಕೇಳಿ. ಕೆಂಪು ಜೇಡಿಮಣ್ಣಿಗೆ 900ರಿಂದ 1000 ಡಿಗ್ರಿ ಸಾಕು. ಅದನ್ನು ಸ್ಟೋನ್‌ವೇರ್ ಜೊತೆ 1200 ಡಿಗ್ರಿಗೆ ಇಟ್ಟರೆ ಉಬ್ಬಿ, ಕರಗಿ, ಗೂಡಿನ ಹಲಗೆಗೆ ಅಂಟಿಕೊಳ್ಳುತ್ತದೆ. ಮೂರ್ತಿಯ ಜೊತೆ ಅವರ ಹಲಗೆಯೂ ಹೋಗುತ್ತದೆ. ಪೊಟ್ಟಣದ ಮಣ್ಣಾದರೆ ಅದರ ಮೇಲಿನ ಚೀಟಿಯನ್ನು ಹರಿದು ಎಸೆಯದೆ ಇಟ್ಟುಕೊಂಡಿದ್ದು ಅವರಿಗೆ ತೋರಿಸಿ. ಕುಂಬಾರರ ಹತ್ತಿರ ಕೊಂಡ ಮಣ್ಣಾದರೆ ಅವರ ಆವಿಗೆಗೇ ಒಯ್ಯಿರಿ, ಆ ಮಣ್ಣು ಎಷ್ಟು ಬೆಂಕಿ ತಾಳುತ್ತದೆಂದು ಅವರಿಗೆ ಗೊತ್ತಿರುತ್ತದೆ.